ವ್ಯಾನು ನೋಡಲು ಬಂದವರು

“ಸಮುದ್ರದ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ವಿ ಅಕ್ಕಾ. ಬೆಳಗ್ಗೆ ಈ ಹಿಂದಿನ ಬಾಗಿಲು ಎತ್ತಿದ್ರೆ ಸಾಕು, ಸೂರ್ಯ ನೇರ ಒಳಗೇ ಬಂದು ಕೂತ್ಕೊಂಡುಬಿಡ್ತಿದ್ದ,” ಎಂದ ಕನ್ನಡಕದಂಗಡಿಯವನು, ವ್ಯಾನಿನ ಬೆನ್ನು ತಟ್ಟುತ್ತ.

ವ್ಯಾನಿನೊಳಗೆ ಕೂತು ಪರದೆಗೆ ಉಂಗುರ ಪೋಣಿಸುತ್ತಿದ್ದ ಅವನ ಹೆಂಡತಿಯ ಕೈ ನಿಂತಿತು. ಮೊನ್ನೆ ಬಂದಿದ್ದ ಗಿರಾಕಿಗೆ ಇದೇ ಸೂರ್ಯ ಬೆಟ್ಟದ ತುದಿಯಲ್ಲಿ ಹುಟ್ಟಿದ್ದ. ಅದಕ್ಕೂ ಮುಂಚೆ ಬಂದವನಿಗೆ ಕಾಡಿನ ಜಿಂಕೆಯೊಂದು ಇವಳ ಕೈಯಿಂದಲೇ ಬ್ರೆಡ್ಡು ತಿಂದು ಹೋಗಿತ್ತು. ಸಮುದ್ರ ಮಾತ್ರ ಹೊಸದು. ವ್ಯಾನು ಮನೆಗೆ ಬಂದಮೇಲೆ ಊರು ದಾಟಿದ್ದೇ ಎರಡು ಸಲ; ಎರಡು ಸಲವೂ ಸಮುದ್ರದ ಗಾಳಿ ಕೂಡ ಸೋಕಿರಲಿಲ್ಲ.

ಈ ಸಲ ಬಂದವರು ಅಕ್ಕತಂಗಿಯರು. ತಂಗಿ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ಈಚೆಗೆ ನಿವೃತ್ತಳಾದವಳು; ಮಾತು ಕಡಿಮೆ. ಅಕ್ಕ ಕೋಲೂರಿಕೊಂಡು ನಡೆಯುವವಳು. ಇಬ್ಬರ ಪಾಲಿನ ಮಾತನ್ನೂ ಅವಳೊಬ್ಬಳೇ ಆಡುತ್ತಿದ್ದಳು. “ಇಷ್ಟು ವರ್ಷ ಇವಳು ರೋಗಿಗಳನ್ನ ನೋಡಿದ್ದಾಯ್ತು, ನಾನು ಗೋಡೆ ನೋಡಿದ್ದಾಯ್ತು. ಇನ್ನು ಇವಳು ಓಡಿಸ್ತಾಳೆ, ನಾನು ಪಕ್ಕದಲ್ಲಿ ಕೂತು ಊರು ನೋಡ್ತೀನಿ,” ಎಂದು ಗೇಟಿನಲ್ಲೇ ಹೇಳಿಕೊಂಡು ಬಂದಿದ್ದಳು.

ಕನ್ನಡಕದಂಗಡಿಯವನಿಗೆ ಅಷ್ಟು ಸಾಕಿತ್ತು. ಕೇಳುವವರ ಕಣ್ಣಿಗೆ ಯಾವ ಗಾಜು ಹೊಂದುತ್ತದೆ ಎಂದು ನೋಡಿ ಕೂರಿಸುವುದು ಅವನಿಗೆ ಅಂಗಡಿಯಲ್ಲಿ ಕೂತೂ ಕೂತೂ ಬಂದ ವಿದ್ಯೆ. ಮಾತು ರಂಗೇರಿದಂತೆ ತುಟಿಯನ್ನೊಮ್ಮೆ ನಾಲಿಗೆಯಿಂದ ಸವರಿಕೊಳ್ಳುತ್ತಿದ್ದ. ವ್ಯಾನಿನ ಕೀಲಿಯಿಂದ ಕಿವಿ ಕೆರೆದು, ಅದರ ತುದಿ ನೋಡಿ, ಪ್ಯಾಂಟಿಗೆ ಒರೆಸಿ, ಅದೇ ಕೀಲಿಯನ್ನು ನರ್ಸಮ್ಮನ ಕೈಗಿಟ್ಟ. ಒಳಗೆ ಕೂತವಳು ಮುಖ ತಿರುಗಿಸಿದಳು.

ಗುಂಡುಮೂತಿಯ ಆ ಹಳೇ ವ್ಯಾನನ್ನು ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ ಅವನು ತಂದಿದ್ದ. “ನಿನಗೇ ಕಣೇ ಇದು” ಎಂದು ಗಾಡಿಯ ಪತ್ರವನ್ನು ಅವಳ ಹೆಸರಿಗೇ ಮಾಡಿಸಿ, ನೆಂಟರೆದುರು ಕೀಲಿ ಕೊಟ್ಟು, ನೆಂಟರು ಹೋಗುತ್ತಲೇ ಕೀಲಿಯನ್ನು ತನ್ನ ಜೇಬಿಗಿಳಿಸಿದ್ದ. ಒಲೆ, ಸಿಂಕು, ಮಡಚುವ ಮೇಜು ಎಲ್ಲ ಕೂರಿಸಿದ. ಪರದೆ, ದಿಂಬು, ಹಾಸಿಗೆ ಹೊಲಿಯುವುದು ಅವಳ ಪಾಲಿಗೆ ಬಂತು. ಬೀದಿಯವರಿಗೆಲ್ಲ ಅವಳು ಟೈಲರಮ್ಮ ತಾನೆ. ಮೊದಲ ಸಲ ಹೊರಟಾಗ ಹಳೇ ಎಂಜಿನ್ನು ಅರ್ಧ ದಾರಿಯಲ್ಲಿ ಹೊಗೆಯುಗುಳಿ ಕೂತಿತು. ಲಾರಿಯೊಂದರ ಬಾಲಕ್ಕೆ ಕಟ್ಟಿಸಿಕೊಂಡು ವಾಪಸು ಬಂದರು. ಆಮೇಲೆ ಅವನು ಗುಜರಿಯಲ್ಲಿ ನಜ್ಜುಗುಜ್ಜಾಗಿ ಬಿದ್ದಿದ್ದ ಹೊಸ ಕಾರೊಂದರ ಎಂಜಿನ್ನು ತಂದು ಇದಕ್ಕೆ ಕೂರಿಸಿದ. “ಮುದುಕನಿಗೆ ಪೈಲ್ವಾನನ ಗುಂಡಿಗೆ ಹಾಕಿಸಿದೀನಿ” ಎಂದು ಬೀದಿಯಲ್ಲೆಲ್ಲ ಸಾರಿದ. “ಓಡೋದೇನೋ ಓಡುತ್ತೆ ಸ್ವಾಮಿ, ನಿಲ್ಲಬೇಕಲ್ಲ? ಬ್ರೇಕೂ ಬದಲಾಯಿಸಿ” ಎಂದು ಮೆಕ್ಯಾನಿಕ್ಕು ಹೇಳಿದ್ದಕ್ಕೆ, “ನಿಲ್ಲಿಸೋಕೆ ಯಾರಯ್ಯಾ ವ್ಯಾನು ತಗೋತಾರೆ!” ಎಂದು ನಕ್ಕಿದ್ದ.

“ಇಷ್ಟು ಚೆನ್ನಾಗಿದೆ ಅಂತೀರಿ, ಮತ್ತೆ ಯಾಕೆ ಮಾರ್ತಿದೀರಿ?” ನರ್ಸಮ್ಮ ಮೊದಲ ಬಾರಿ ಬಾಯಿಬಿಟ್ಟಳು.

ಅವನು ದನಿ ತಗ್ಗಿಸಿದ. “ಇವಳಿಗೆ ಬೆನ್ನು ಅಕ್ಕಾ. ಕೂರೋಕಾಗಲ್ಲ. ನನಗೆ ಇದು ಮಗು ಇದ್ದ ಹಾಗೆ. ಆದ್ರೆ ಹೆಂಡತಿಗಿಂತ ಹೆಚ್ಚಾ, ನೀವೇ ಹೇಳಿ?”

ದಿನಕ್ಕೆ ಎಂಟು ಗಂಟೆ ಮೆಷಿನ್ನಿನ ಮುಂದೆ ಕೂರುವ ಟೈಲರಮ್ಮ ತನ್ನ ಬೆನ್ನಿನ ಸುದ್ದಿಯನ್ನು ಮೂರನೆಯವರಂತೆ ಕೇಳಿಸಿಕೊಂಡಳು. ಉಂಗುರವನ್ನು ಪರದೆಗೆ ತುರುಕಿದಳು. ಹಾಳಾಗಿ ಹೋಗಲಿ, ಇದೊಂದು ಮಾರಿಹೋದರೆ ಈ ಬಾಯಿ ಮುಚ್ಚುತ್ತದಲ್ಲ ಎಂದುಕೊಂಡಳು.

ಅಷ್ಟರಲ್ಲಿ ಅಕ್ಕ ಮುಂದಿನ ಸೀಟು ಹತ್ತಿ, ಕೋಲನ್ನು ಮಡಿಲಿಗಿಟ್ಟುಕೊಂಡು, ಬಾಗಿಲು ಎಳೆದುಕೊಂಡು ಕೂತಿದ್ದಳು. ಗಾಜಿನಾಚೆ ನೋಡಿ ಒಬ್ಬಳೇ ನಕ್ಕಳು. ಇಳಿಯಲು ಹಿಡಿಯನ್ನು ಒತ್ತಿದಳು. ಎಳೆದಳು. ಭುಜ ಕೊಟ್ಟು ನೂಕಿದಳು. “ಏನಿದು, ಒಳಗಿನಿಂದ ತೆಗೆಯೋಕೇ ಬರ್ತಿಲ್ಲ?”

ಕನ್ನಡಕದಂಗಡಿಯವನು ಸರ್ರನೆ ಸುತ್ತಿಬಂದು ಹೊರಗಿನಿಂದ ತೆಗೆದು, ಬಾಗಿ ಕೈಚಾಚಿದ. “ಇದು ಮಹಾರಾಣಿ ಸೀಟು ಅಕ್ಕಾ! ಈ ಬಾಗಿಲನ್ನ ಯಾವತ್ತೂ ನಾನೇ ತೆಗೆಯೋದು. ಬೇಕಾದ್ರೆ ಇವಳನ್ನೇ ಕೇಳಿ, ಒಂದು ದಿನ ತಪ್ಪಿಸಿದೀನಾ ಅಂತ.”

ಅಕ್ಕ ನಗುತ್ತ ಇವಳ ಕಡೆ ತಿರುಗಿದಳು. “ಹೌದೇನಮ್ಮಾ? ಪುಣ್ಯವಂತೆ!”

ಟೈಲರಮ್ಮ ಬಾಯಲ್ಲಿದ್ದ ದಾರದ ತುಂಡನ್ನು ಉಗುಳಿದಳು. ಎರಡನೇ ಸಲ ಹೋಗಿದ್ದಾಗ ಘಾಟಿ ಇಳಿಯುವಲ್ಲಿ ಬ್ರೇಕು ಮೆತ್ತಗಾಗಿ, ಪೆಡಲ್ಲು ನೆಲಕ್ಕಂಟಿತ್ತು. ಹೊಸ ಎಂಜಿನ್ನಿನ ಭಾರಕ್ಕೆ ವ್ಯಾನು ಹಗ್ಗ ಹರಿದ ಹೋರಿಯಂತೆ ನುಗ್ಗುತ್ತಿತ್ತು. ಅವಳು ಈ ಹಿಡಿಯನ್ನೇ ಒತ್ತಿದ್ದಳು, ಎಳೆದಿದ್ದಳು, ಭುಜ ಕೊಟ್ಟಿದ್ದಳು. ಆಮೇಲೆ ಗಂಡನ ಕಡೆ ತಿರುಗಿದ್ದಳು. ಅವನ ಬಾಗಿಲು ತೆರೆದಿತ್ತು. ಒಂದು ಕಾಲು ಹೊರಗಿತ್ತು. ಅವನು ಅವಳನ್ನಲ್ಲ, ಎಲ್ಲಿ ಹಾರಿದರೆ ಕಡಿಮೆ ಪೆಟ್ಟಾದೀತು ಎಂದು ರಸ್ತೆಯ ಅಂಚನ್ನು ನೋಡುತ್ತಿದ್ದ. ತಿರುವಿನಲ್ಲಿ ಯಾರೋ ರಸ್ತೆ ಕೆಲಸಕ್ಕೆ ಸುರಿದಿದ್ದ ಮರಳಿನ ರಾಶಿಗೆ ವ್ಯಾನು ಮೂತಿ ತೂರಿಸಿ ನಿಂತಿತು. “ನೋಡಿದ್ಯಾ, ಹೇಗೆ ಕಂಟ್ರೋಲ್ ಮಾಡ್ದೆ!” ಎಂದಿದ್ದ ಅವನು. ಅವತ್ತಿನಿಂದ ಅವಳು ತನ್ನ ಹಲ್ಲುಜ್ಜುವ ಬ್ರಷ್ಷನ್ನು ಬೇರೆ ಲೋಟದಲ್ಲಿಡುತ್ತಿದ್ದಳು. ಅವನಿಗೆ ಅದು ಇಂದಿಗೂ ಗೊತ್ತಾಗಿರಲಿಲ್ಲ.

ಅವಳು ಪರದೆ ಬದಿಗಿಟ್ಟು ಇಳಿದು ಬಂದಳು.

“ಆ ಬಾಗಿಲು ಕೆಟ್ಟಿದೆ. ತಂದ ದಿನದಿಂದ ಕೆಟ್ಟಿದೆ. ಇವರು ರಿಪೇರಿ ಮಾಡಿಸಿಲ್ಲ. ಎಂಜಿನ್ನು ದೊಡ್ಡದು ಹಾಕಿದಾರೆ, ಬ್ರೇಕು ಹಳೇದೇ ಇದೆ. ಇಳಿಜಾರಲ್ಲಿ ನಿಲ್ಲಲ್ಲ, ಘಾಟಿಯಲ್ಲಿ ಒಂದ್ಸಲ ಕೈಕೊಟ್ಟಿದೆ. ತಗೋಬೇಡಿ.”

ಮೊದಲು ಚೇತರಿಸಿಕೊಂಡವನು ಅವನೇ. “ನೋಡಿ ಅಕ್ಕಾ, ನಾನು ಹೇಳ್ಲಿಲ್ವಾ? ಬಿಟ್ಟುಕೊಡೋಕೆ ಮನಸ್ಸೇ ಇಲ್ಲ ಇವಳಿಗೆ. ಬಂದವರಿಗೆಲ್ಲ ಒಂದೊಂದು ಹುಳುಕು ಹೇಳಿ ಕಳಿಸ್ತಾಳೆ. ಪಾಪ, ಅಷ್ಟು ಹಚ್ಕೊಂಡಿದಾಳೆ.”

ಅವನು ಅವಳ ಭುಜದ ಮೇಲೆ ಕೈಯಿಟ್ಟ. ಮೈಮೇಲೆ ಹಲ್ಲಿ ಬಿದ್ದರೆ ಕೊಡವಿಕೊಳ್ಳುವ ಹಾಗೆ ಅವಳು ಕೊಡವಿಕೊಂಡಳು. ಆದರೆ ಅಕ್ಕನ ಮುಖದಲ್ಲಿ ಕನಿಕರ ಮೂಡಿದ್ದನ್ನು ಕಂಡಳು. ಅವರು ನಂಬಿದ್ದು ಅವನನ್ನು.

“ಹಾಗಾದ್ರೆ ನಡೀರಿ,” ಎಂದಳು. “ನೀರಿನ ಟ್ಯಾಂಕಿನ ಇಳಿಜಾರು ಇಲ್ಲೇ ಇದೆ. ಮೇಲಿಂದ ಕೆಳಗೆ ಒಂದು ಸಲ ಇಳಿಸಿ ತೋರಿಸಿ ಇವರಿಗೆ. ನಾನು ಮಹಾರಾಣಿ ಸೀಟಲ್ಲೇ ಕೂರ್ತೀನಿ.”

“ಈಗಲಾ? ಪೆಟ್ರೋಲ್ ಕಮ್ಮಿ ಇದೆ ಕಣೇ.”

“ಇಳಿಯೋಕೆ ಪೆಟ್ರೋಲ್ ಯಾಕೆ?”

“ಕನ್ನಡಕ ಬೇರೆ ಒಳಗೆ ಬಿಟ್ಟಿದೀನಿ…”

“ಮೂಗಿನ ಮೇಲಿದೆ.”

ಅವನು ಮೂಗು ಮುಟ್ಟಿಕೊಂಡ. ನರ್ಸಮ್ಮ ಕೀಲಿಯನ್ನು ಮೆಲ್ಲಗೆ ವ್ಯಾನಿನ ಮೂತಿಯ ಮೇಲಿಟ್ಟಳು. ಗಂಡಸರು ನೋವಿಲ್ಲ ಎಂದು ಸುಳ್ಳು ಹೇಳುವುದನ್ನು ಜೀವಮಾನವಿಡೀ ನೋಡಿದ ಕಣ್ಣು ಅವಳದು.

“ಅವತ್ತು ಬ್ರೇಕು ಹಿಡೀದೇ ಇದ್ದಾಗ ಹೇಗೆ ಉಳ್ಕೊಂಡ್ರಮ್ಮಾ?” ಎಂದಳು.

“ಮರಳಿತ್ತು. ಅಷ್ಟೇ.” ಟೈಲರಮ್ಮ ಗಂಡನ ಕಡೆ ನೋಡಿ ಹೇಳಿದಳು: “ಇವರ ಬಾಗಿಲು ತೆಗೆದಿತ್ತು. ಒಂದು ಕಾಲು ಹೊರಗಿತ್ತು.”

ಇಷ್ಟು ದಿನ ಅವಳು ನೋಡಿಲ್ಲವೆಂದೇ ಅವನು ನಂಬಿದ್ದ. ಕೆನ್ನೆಯ ಬಣ್ಣ ಒಮ್ಮೆ ಇಳಿಯಿತು. ಮರುಗಳಿಗೆ ನಾಲಿಗೆ ತುಟಿಯ ಮೇಲೆ ಬಂತು.

“ಕಾಲು ಊರಿ ನಿಲ್ಲಿಸೋಕೆ ನೋಡ್ತಿದ್ದೆ!”

“ಇದನ್ನಾ? ಕಾಲಲ್ಲಾ?” ಅಕ್ಕ ವ್ಯಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಗಬೇಕೋ ಉಗಿಯಬೇಕೋ ತಿಳಿಯದವಳಂತೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ತಂಗಿ ಅವಳ ತೋಳು ಹಿಡಿದು ಗೇಟಿನ ಕಡೆ ನಡೆಸಿದಳು. ಹೋಗುವಾಗ ಟೈಲರಮ್ಮನ ಮಣಿಕಟ್ಟನ್ನು ಒಮ್ಮೆ, ನಾಡಿ ನೋಡುವವಳಂತೆ, ಒತ್ತಿ ಬಿಟ್ಟಳು.

ಅವನು ಕೂಗಾಡುತ್ತಾನೆ ಎಂದು ಟೈಲರಮ್ಮ ಅಂದುಕೊಂಡಿದ್ದಳು. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಅವನು ಕೈಕಾಲು ತೊಳೆದು ಸೋಫಾದಲ್ಲಿ ಕೂತು, ಟೀ ಸೊರಸೊರನೆ ಹೀರುತ್ತ, ಮುಂದಿನ ಗಿರಾಕಿಗೆ ಫೋನು ಹಚ್ಚಿದ. “ಗಟ್ಟಿ ಗಾಡಿ ಸಾರ್. ಒಂದ್ಸಲ ಘಾಟಿಯಲ್ಲಿ ಬ್ರೇಕು ಕೈಕೊಡ್ತು. ಪಕ್ಕದಲ್ಲಿ ಹೆಂಡತಿ. ನಾನೇನು ಮಾಡ್ದೆ ಹೇಳಿ? ಬಾಗಿಲು ತೆಗೆದು ಕಾಲು ಕೊಟ್ಟೆ ಸಾರ್…”

ಟೈಲರಮ್ಮ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಬಾಯಿ ಮುಕ್ಕಳಿಸಿ, ಬೀರುವಿನಿಂದ ವ್ಯಾನಿನ ಪತ್ರ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟಳು.

ಬಸ್ ಸ್ಟ್ಯಾಂಡಿನ ಎದುರು ತಳ್ಳುಗಾಡಿಯಲ್ಲಿ ಹಣ್ಣಿನ ರಸ ಮಾರುವವಳಿಗೆ ಬಿಸಿಲು ಮಳೆಗೆ ಒಂದು ಸೂರು ಬೇಕಾಗಿತ್ತು. ಅವಳಿಗೆ ಸಿಂಕು, ಮಡಚುವ ಮೇಜು ಇದ್ದರೆ ಸಾಕು; ಗಾಡಿ ಓಡಬೇಕಾಗಿಯೇ ಇರಲಿಲ್ಲ. ಮೆಕ್ಯಾನಿಕ್ಕು ಆ ವಾರವೇ ಬಂದು ದುಡ್ಡು ಕೊಟ್ಟು ಎಂಜಿನ್ನು ಇಳಿಸಿಕೊಂಡು ಹೋದ. ಪತ್ರಕ್ಕೆ ಸಹಿ ಹಾಕಬೇಕಾದವಳು ಟೈಲರಮ್ಮ, ಹಾಕಿದಳು. ಕನ್ನಡಕದಂಗಡಿಯವನು ಎರಡು ದಿನ ಉಣ್ಣದೆ ಮುನಿಸು ತೋರಿಸಿದ. ಅವಳು ಬಡಿಸಲೂ ಇಲ್ಲ, ಕರೆಯಲೂ ಇಲ್ಲ. ಮೂರನೇ ದಿನ ತಾನೇ ತಟ್ಟೆ ಹಾಕಿಕೊಂಡ. ವ್ಯಾನನ್ನು ಎಳೆದುಕೊಂಡು ಹೋಗಲು ಬಂದಾಗ ಮಾತ್ರ ಬೀದಿಗೆ ಬಂದು, ಯಾರೂ ಕೇಳದಿದ್ದರೂ, “ರೈಟ್, ರೈಟ್, ಇನ್ನೂ ಬರಲಿ” ಎಂದು ಕೈ ಬೀಸುತ್ತಿದ್ದ.

ಎಳೆಯುವ ಮುಂಚೆ ಅವಳು ಒಳಗಿನ ಹಾಸಿಗೆಯೊಂದನ್ನು ಇಳಿಸಿಕೊಂಡಿದ್ದಳು. ಸಂಜೆ ಹೊಲಿಗೆ ಕೋಣೆಯ ಚಿಂದಿ ಗುಡಿಸಿ, ಮೆಷಿನ್ನನ್ನು ಗೋಡೆಗೆ ಸರಿಸಿ, ಅದನ್ನು ಹಾಸಿದಳು. ಒಬ್ಬರಿಗೆ ಧಾರಾಳವಾಗುತ್ತಿತ್ತು. ವ್ಯಾನಿನೊಳಗೆ ಉಬ್ಬಿದ ಚಕ್ರದ ಗೂಡಿಗೆ ಜಾಗ ಬಿಡಲೆಂದು ಅವಳೇ ಹಿಂದೆ ಅದರ ಒಂದು ಮೂಲೆಯನ್ನು ಅರ್ಧಚಂದ್ರಾಕಾರಕ್ಕೆ ಕತ್ತರಿಸಿ ಅಂಚು ಹೊಲಿದಿದ್ದಳು. ಆ ಖಾಲಿ ಮೂಲೆಯಲ್ಲಿ ನೀರಿನ ತಂಬಿಗೆಯಿಟ್ಟಳು. ಸರಿಯಾಗಿ ಕೂತಿತು.