ಮೋಹಿನಿಯ ಕಾರಿನ ಕೆಂಪು ದೀಪ

ಬಸುರಿ ಮಗಳನ್ನು ತವರಿಗೆ ಕರೆತರಲು ಬಾಡಿಗೆ ಡ್ರೈವರ್ ಯಾಕೆ, ಕಾರು ನಾನೇ ಓಡಿಸುತ್ತೇನೆ ಎಂದು ಮೋಹಿನಿ ಹಟ ಹಿಡಿದಿದ್ದಳು. ಕೂದಲು ನರೆತ ಮೇಲೆ ಕಾರು ಕಲಿತವಳು. ಕೊಚ್ಚಿಯ ಬಸ್ಸುಗಳ ಹಾರನ್ನಿಗೆ ಬಗ್ಗದೆ ಓಡಿಸಿ ಕೈ ಪಳಗಿದವಳಿಗೆ ತಿರುವನಂತಪುರದ ಉಳ್ಳೂರು ಯಾವ ಮಹಾ ದೂರ? ಅಲ್ಲಿ ಮಗಳು ಅಪರ್ಣಾ ದಾರಿ ಕಾಯುತ್ತಿದ್ದಳು. ಚೊಚ್ಚಲ ಹೆರಿಗೆಗೆ ಅವಳನ್ನು ತಾನೇ ಹೋಗಿ ಮನೆಗೆ ಕರೆತರಬೇಕು, ತಾಯಿಯ ಆಸೆ ಅಷ್ಟೇ.

ಅಡ್ಡ ಬಂದದ್ದು ಸ್ಟಿಯರಿಂಗಿನ ಹಿಂದಿನ ಕೆಂಪು ದೀಪ. ಬ್ರೇಕಿನದು. ಓಡುತ್ತಿದ್ದ ಹಾಗೆ ಹತ್ತುವುದು, ಆರುವುದು.

"ಕೆಂಪು ದೀಪ ಅಂದ್ರೆ ಸಮನ್ಸು ಬಂದ ಹಾಗೆ ಮಾರಾಯ್ತಿ. ಸುಮ್ಮನಿದ್ರೆ ಮತ್ತೆ ವಾರಂಟೇ. ಡ್ರೈವರನ್ನು ಕರೆಸುವ," ಎಂದರು ಗಂಡ ಯಜ್ಞನಾರಾಯಣ ರಾಯರು. ಕಾಸರಗೋಡಿನವರು, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು.

"ಡ್ರೈವರ್ ಬಂದ್ರೆ ದೀಪ ಹೆದರಿ ಆರ್ತದಾ?"



ಮೋಹಿನಿ ಬಾನೆಟ್ ಎತ್ತಿದಳು. ಬ್ರೇಕ್ ಆಯಿಲ್ ಕಡಿಮೆಯಾದರೂ ಇದೇ ದೀಪ ಹತ್ತುತ್ತದೆಂದು ಅವಳಿಗೆ ಗೊತ್ತಿತ್ತು. ಆಯಿಲ್ ಎರಡು ಗೆರೆಗಳ ನಡುವೆ ಸರಿಯಾಗಿಯೇ ಇತ್ತು. ಹಿಂದಿನ ಬ್ರೇಕ್ ಲೈಟು ನೋಡಲು ಬೇರೆಯವರು ಯಾಕೆ? ಕಾರನ್ನು ಗೋಡೆಯ ಹತ್ತಿರ ರಿವರ್ಸ್ ತಂದು ಪೆಡಲ್ ಒತ್ತಿದಳು, ಗೋಡೆ ಕೆಂಪಾಯಿತು. ಗ್ಯಾರೇಜಿನ ವಿನ್ಸೆಂಟ್ ಚಕ್ರ ಬಿಚ್ಚಿ, ಹ್ಯಾಂಡ್ ಬ್ರೇಕಿನ ಸ್ವಿಚ್ಚನ್ನೂ ನೋಡಿ, ಒಂದು ಸುತ್ತು ಓಡಿಸಿ ಬಂದು, "ಒರು ಕುಳಪ್ಪವುಮಿಲ್ಲ ಚೇಚಿ," ಎಂದ. ಗಾಡಿಗೆ ಏನೂ ಆಗಿಲ್ಲವಂತೆ. ಅವಳೊಬ್ಬಳೇ ಮಾರ್ಕೆಟ್ಟಿಗೆ ಹೋಗಿ ಬಂದಾಗಲೂ ದೀಪ ಹತ್ತಲಿಲ್ಲ.

ಭಾನುವಾರ ಗಂಡನೊಂದಿಗೆ ದೇವಸ್ಥಾನಕ್ಕೆ ಹೊರಟಳು. ಮೊದಲ ತಿರುವಿನಲ್ಲೇ ದೀಪ! ಯಾರೋ ಹಿಂದಿನಿಂದ ಎಳೆದಂತೆ ಕಾರು ತುಸು ತಡೆಯಿತು. ಮೋಹಿನಿ ರಸ್ತೆ ಬದಿಗೆ ನಿಲ್ಲಿಸಿ ಈ ಸಲ ದೀಪವನ್ನು ಬಿಟ್ಟು ಗಂಡನನ್ನು ನೋಡಿದಳು. ಹ್ಯಾಂಡ್ ಬ್ರೇಕಿನ ಮೇಲೆ ರಾಯರ ಶಾಲು ಹರಡಿಕೊಂಡಿತ್ತು.

"ಹ್ಯಾಂಡ್ ಬ್ರೇಕ್ ಎಳೆದ್ರೂ ಹತ್ತುವ ದೀಪ ಇದು. ಯಾರೋ ಎಳೀತಿದ್ದಾರೆ ಕಾಣ್ತದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರಾಯರು ಶಾಲಿನಡಿಯಿಂದ ಸರಕ್ಕನೆ ಕೈ ಹಿಂದೆಗೆದರು. ಸದ್ದಾಗಬಾರದೆಂದು ಹಿಡಿಯ ತುದಿಯ ಗುಂಡಿ ಒತ್ತಿಕೊಂಡೇ ಬ್ರೇಕನ್ನು ಒಂದು ಹಲ್ಲಿನಷ್ಟು ಮೇಲೆಳೆದಿದ್ದ ಮಹಾನುಭಾವರು.

"ಕೋರ್ಟಿನಲ್ಲಿ ಕಲ್ತದ್ದು ಇದನ್ನಾ?"

"ಬೇಕಂತ ಅಲ್ಲ ಮಾರಾಯ್ತಿ. ನೀನು ತಿರುಗಿಸುವಾಗ ಕೈ ತನ್ನಷ್ಟಕ್ಕೆ ಹೋಗ್ತದೆ. ನಿಂಗೆ ಎಂತಾದ್ರೂ ಆದ್ರೆ ನಾನು ಎಂತ ಮಾಡುದು? ಅನ್ನಕ್ಕೆ ನೀರು ಎಷ್ಟು ಇಡುದು ಅಂತಲೂ ಗೊತ್ತಿಲ್ಲ ನಂಗೆ."

ಮೋಹಿನಿಗೆ ಮೈಯೆಲ್ಲ ಉರಿಯಿತು, ಅಷ್ಟೇ ಅಯ್ಯೋ ಪಾಪ ಎಂದೂ ಅನಿಸಿತು. "ಮಳೆಯಲ್ಲಿ ಹೀಗೆ ಎಳೆದ್ರೆ ಹಿಂದಿನ ಚಕ್ರ ಜಾರ್ತದೆ. ನಾಳೆ ಮಗಳು ಇರ್ತಾಳೆ ಇದರೊಳಗೆ," ಎಂದಳು. ರಾಯರು ತಾವಾಗಿಯೇ ಇಳಿದು ಹಿಂದಿನ ಸೀಟಿಗೆ ಹೋಗಿ ಕೂತರು.

ಉಳ್ಳೂರಿಗೆ ಹೊರಟ ದಿನವೂ ಹಿಂದೆಯೇ. ಅವಳ ಸೀಟನ್ನು ಎರಡೂ ಕೈಯಲ್ಲಿ ಹಿಡಿದು, ಲಾರಿ ಬಂತು, ಸೈಕಲ್ ಬಂತು ಎಂದು ಒಪ್ಪಿಸುತ್ತಲೇ ಇದ್ದರು. ಆಲಪ್ಪುಳ ದಾಟಿದ ಮೇಲೆ ಮಾತು ನಿಂತಿತು. ಮುನಿಸಿಕೊಂಡರೇನೋ ಎಂದು ಮೋಹಿನಿ ಕನ್ನಡಿಯಲ್ಲಿ ನೋಡಿದಳು. ರಾಯರು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಬಸ್ಸಾಗಲಿ ರೈಲಾಗಲಿ, ಪ್ರಯಾಣದಲ್ಲಿ ಒಂದು ದಿನವೂ ರೆಪ್ಪೆ ಮುಚ್ಚಿದ ಮನುಷ್ಯರಲ್ಲ. ಮೋಹಿನಿಯ ಕಣ್ಣು ತುಂಬಿ ಬಂತು. ಅಲ್ಲಿಂದ ಮುಂದೆ ಪ್ರತಿ ಸಿಗ್ನಲ್ಲಿನಲ್ಲೂ ಅವರಿಗೆ ಎಚ್ಚರವಾಗದಂತೆ ಮೆಲ್ಲಗೆ ಬ್ರೇಕ್ ಒತ್ತಿದಳು.

ಉಳ್ಳೂರಿನ ಮನೆಯೆದುರು ಕಾರು ನಿಂತಾಗ ಅಪರ್ಣಾ ಹೊಟ್ಟೆ ಹಿಡಿದುಕೊಂಡು ಗೇಟಿಗೆ ಬಂದಳು. "ಅಪ್ಪ ಬರ್ಲಿಲ್ವಾ?"

"ಹಿಂದೆ ಮಲಗಿದ್ದಾರೆ," ಎಂದಳು ಮೋಹಿನಿ. "ಎಬ್ಬಿಸ್ಬೇಡ."