ಆಚೆ ದಂಡೆಯ ಉಡಿ

ಕೆನಡಾ ದೇಶವನ್ನು ನನ್ನಷ್ಟು ಬಲ್ಲವರು ಇಡೀ ಇಲಿನಾಯ್ ರಾಜ್ಯದಲ್ಲಿ ಇಲ್ಲ. ಕೆನಡಾದಲ್ಲೂ ಇಬ್ಬರೋ ಮೂವರೋ ಇದ್ದರೆ ಹೆಚ್ಚು. ಲೆಮಾಂಟ್ ದೇವಸ್ಥಾನದ ಊಟದ ಹಾಲಿನಲ್ಲಿ ನಾನು ಪುಳಿಯೋಗರೆಯ ತಟ್ಟೆ ಹಿಡಿದು ರಾಕಿ ಪರ್ವತಗಳ ವರ್ಣನೆಗೆ ತೊಡಗಿದರೆ ಕೇಳುವವರಿಗೆ ಚಳಿ ಹತ್ತಿ ಕೋಟು ಹುಡುಕುತ್ತಿದ್ದರು. ಬ್ಯಾನ್ಫ್‌ನ ಸರೋವರದ ನೀರು ಎಷ್ಟು ನೀಲಿಯೆಂದರೆ, ಅದರಲ್ಲಿ ಅದ್ದಿದ ನನ್ನ ಪಂಚೆ ಇವತ್ತಿಗೂ ಬೆಳ್ಳಗಾಗಿಲ್ಲ. ಉತ್ತರದ ಆಕಾಶದಲ್ಲಿ ಹಸಿರು ಬೆಳಕು ಕುಣಿಯುವಾಗ ಅದರಡಿ ಕೂತು ನಾನು ಪೇಪರ್ ಓದಿದ್ದೇನೆ. ಇದನ್ನೆಲ್ಲ ನೋಡಲು ಎಷ್ಟು ಸಲ ಹೋಗಿದ್ದಿರಿ ಎಂದು ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ.

ಆದ್ದರಿಂದಲೇ ೨೦೦೩ರ ಬೇಸಿಗೆಯಲ್ಲಿ, ಇಟಾಸ್ಕಾದ ನಮ್ಮ ಸಬ್‌ಡಿವಿಷನ್ನಿನ ಡಾಕ್ಟರ್ ಚೇತನಾ ನನ್ನನ್ನೇ ಹುಡುಕಿಕೊಂಡು ಬಂದಳು. ಅವಳ ತಾಯಿ ಶಾಂತವ್ವ ಗಜೇಂದ್ರಗಡದಿಂದ ಬಂದಿದ್ದರು. ಶಾಂತವ್ವನ ತಂಗಿ ಶಿವಕ್ಕ, ಮಗ ಸಂಗಮೇಶನ ಜೊತೆ ವಿಂಡ್ಸರ್‌ನಲ್ಲಿದ್ದರು; ಎಂದರೆ ಡೆಟ್ರಾಯಿಟ್ ನದಿಯ ಆಚೆ ದಂಡೆ, ಕೆನಡಾ. ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿ ಹನ್ನೆರಡು ವರ್ಷವಾಗಿತ್ತು. ನಡುವೆ ಅವರ ಅವ್ವ ತೀರಿಕೊಂಡಿದ್ದರು, ಶಿವಕ್ಕನಿಗೆ ಮಣ್ಣಿಗೂ ಹೋಗಲಾಗಿರಲಿಲ್ಲ. ತಾಯಿ ಹೋದ ಮೇಲೆ ತಂಗಿಯ ಸೆರಗಿಗೆ ಐದು ಹಿಡಿ ಅಕ್ಕಿ ಹಾಕಿ ತವರಿನ ಉಡಿ ತುಂಬಬೇಕಾದವಳು ಅಕ್ಕ. ಅದಿಲ್ಲದೆ ತಂಗಿಗೆ ತವರೇ ಇಲ್ಲದಂತೆ ಎಂಬುದು ಶಾಂತವ್ವನ ಕೊರಗು. ಶಿವಕ್ಕನಿಗೆ ಅಮೆರಿಕದ ವೀಸಾ ಸಿಕ್ಕಿರಲಿಲ್ಲ. ಹಾಗಾಗಿ ಶಾಂತವ್ವನೇ ನದಿ ದಾಟಬೇಕಿತ್ತು. ಅಮ್ಮನಿಗೂ ತನಗೂ ಕೆನಡಾದ ವೀಸಾಕ್ಕೆ ಅಪ್ಲೈ ಮಾಡಬೇಕೇ ಎಂದು ಚೇತನಾ ಕೇಳಿದಳು.

ನಾನು ನಕ್ಕೆ. ಆ ಸೇತುವೆಯ ಮೇಲೆ ನಾನು ಓಡಾಡಿದಷ್ಟು ಪಾರಿವಾಳಗಳೂ ಓಡಾಡಿಲ್ಲ. ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಕಂಡರೆ ಅಲ್ಲಿಯವರು ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಾರೆ ಎಂದೆ. ಸೆಲ್ಯೂಟಿನ ಮಾತು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು, ಆದರೆ ಆಡಿದ ಮಾತನ್ನು ಇಳಿಸುವುದು ನಮ್ಮ ಮನೆತನದಲ್ಲಿಲ್ಲ.

ಅಕ್ಟೋಬರ್‌ನ ಒಂದು ಶನಿವಾರ ಹೊರಟೆವು. ಸೋಮವಾರ ಶಾಂತವ್ವನ ವಿಮಾನ. ಚೇತನಾಳಿಗೆ ಆಸ್ಪತ್ರೆಯಲ್ಲಿ ರಜೆ ಸಿಕ್ಕಿದ್ದೇ ಆಗ. ನನ್ನ ವ್ಯಾನಿನ ಹಿಂದಿನ ಸೀಟಿನಲ್ಲಿ ಶಾಂತವ್ವ ಉಡಿಯ ಸಾಮಾನಿನ ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು: ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನದ ಬೇರು, ಎಲೆ ಅಡಿಕೆ, ಕುಪ್ಪಸಕ್ಕೆಂದು ಒಂದು ಹಸಿರು ಗುಳೇದಗುಡ್ಡ ಖಣ. ಅಕ್ಕಿಯನ್ನು ಊರಿಂದಲೇ ತಂದಿದ್ದರು. ಮಿಷಿಗನ್ ದಾಟುವಷ್ಟೂ ಹೊತ್ತು ನಾನು ಕೆನಡಾ ತೋರಿಸಿದೆ. ಕ್ವಿಬೆಕ್‌ನಲ್ಲಿ ಮಂಜುಗಡ್ಡೆಯಲ್ಲೇ ಕಟ್ಟಿದ ಹೋಟೆಲಿನಲ್ಲಿ ಮಲಗಿ ನನ್ನ ಗೊರಕೆಯೂ ಹೆಪ್ಪುಗಟ್ಟಿದ್ದು, ಪಡುವಣ ಕರಾವಳಿಯಲ್ಲಿ ಮೂಲನಿವಾಸಿಗಳು ಇಡೀ ದೇವದಾರು ಮರದ ಮೇಲೆ ಹದ್ದು, ಕರಡಿ ಕೆತ್ತಿ ನಿಲ್ಲಿಸಿದ ಕಂಬಗಳ ತುದಿ ನೋಡಲು ಹೋಗಿ ನನ್ನ ಕತ್ತು ಉಳುಕಿದ್ದು, ಮೇಪಲ್ ಕಾಡು ಕೆಂಪಾದಾಗ ಫೈರ್ ಎಂಜಿನ್ ತಪ್ಪಿ ಬಂದದ್ದು. ಶಾಂತವ್ವ ಎಲ್ಲವನ್ನೂ ಕೇಳಿಸಿಕೊಂಡರು.

"ಅದೆಲ್ಲಾ ಇರ್ಲಿ ತಮ್ಮಾ, ಅಲ್ಲಿ ನಮ್ಮ ಶಿವಿಗೆ ಜ್ವಾಳದ ಹಿಟ್ಟು ಸಿಗತೈತಿಲ್ಲೊ?"

ಸಿಗುತ್ತದೆ, ಬೆಟ್ಟದಷ್ಟು ಎಂದೆ.

"ಆ ನೀಲಿ ನೀರಾಗ ನೀ ಪಂಚೆ ಅದ್ದಕೋ. ನನಗ ನನ್ನ ತಂಗಿ ಮಾರಿ ಒಂದು ತೋರಸು, ಸಾಕು."

ಡೆಟ್ರಾಯಿಟ್‌ನಲ್ಲಿ ಒಂದು ವಿಚಿತ್ರವಿದೆ. ಉತ್ತರದ ದೇಶಕ್ಕೆ ಹೋಗಲು ಅಲ್ಲಿ ದಕ್ಷಿಣಕ್ಕೆ ತಿರುಗಬೇಕು. ಇದು ನಾನು ಕಟ್ಟಿದ್ದಲ್ಲ, ನಕ್ಷೆಯಲ್ಲೇ ಇದೆ. ಸೇತುವೆಯ ಆಚೆ ತುದಿಯ ಕಿಟಕಿಯಲ್ಲಿದ್ದ ಅಧಿಕಾರಿಣಿ ನನ್ನ ಗ್ರೀನ್ ಕಾರ್ಡ್ ನೋಡಿ ತಲೆಯಾಡಿಸಿದಳು. ಇನ್ನೆರಡು ಪಾಸ್‌ಪೋರ್ಟ್‌ಗಳನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ತಿರುವಿ, ನಮ್ಮನ್ನು ಆಫೀಸಿನೊಳಗೆ ಕಳಿಸಿದಳು. ಒಳಗೆ ಯಾರೂ ಎದ್ದು ನಿಲ್ಲಲಿಲ್ಲ. ಭಾರತದ ಪಾಸ್‌ಪೋರ್ಟಿಗೆ ಕೆನಡಾದ್ದೇ ವೀಸಾ ಬೇಕು, ಅದು ಇಲ್ಲಿ ಕೊಡುವಂಥದ್ದಲ್ಲ ಎಂದು ಒಬ್ಬ ಮೆತ್ತಗಿನ ದನಿಯಲ್ಲಿ ಹೇಳಿದ. ನಾನು ಇಂಗ್ಲಿಷಿನಲ್ಲಿ ಮಾಡಿದ ಭಾಷಣ ಬೇರೆಲ್ಲಾದರೂ ಆಗಿದ್ದರೆ ಕಲ್ಲು ಕರಗಿ ನೀರಾಗುತ್ತಿತ್ತು. ಅವನು ಪೂರ್ತಿ ಕೇಳಿ, ಕ್ಷಮಿಸಿ ಎಂದ. ಗೇಟಿನ ಹೊರಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಶಿವಕ್ಕ ಕಡುಬಿನ ಡಬ್ಬಿ ಹಿಡಿದು ಕಾರಿನಲ್ಲಿ ಕಾಯುತ್ತಿದ್ದಾರೆಂದು ಸಂಗಮೇಶ ಚೇತನಾಳಿಗೆ ಫೋನ್ ಮಾಡಿ ಹೇಳುತ್ತಲೇ ಇದ್ದ. ಐದು ನಿಮಿಷ ಹೊರಗೆ ಬಿಡುತ್ತೀರಾ ಎಂದು ಅವಳೂ ಕೇಳಿ ನೋಡಿದಳು. ಆಗದು ಎಂದರು.

ವಾಪಸ್ ಬರುವಾಗ ಅಮೆರಿಕದವರು ಪ್ರಶ್ನೆ ಕೇಳಿ, ಶಾಂತವ್ವನ ಮುಖ ನೋಡಿ, ಬಿಟ್ಟರು. ನದಿಯ ದಂಡೆಗೆ ಬಂದು ವ್ಯಾನ್ ನಿಲ್ಲಿಸಿದೆ. ಆಚೆಗೆ ವಿಂಡ್ಸರ್‌ನ ಕಟ್ಟಡಗಳು, ದಂಡೆಯುದ್ದಕ್ಕೂ ಕೆಂಪು ಹಳದಿ ಮರಗಳು, ಎಲ್ಲವೂ ಅಂಗೈ ಮೇಲಿಟ್ಟ ಹಾಗೆ. ಅಂಥ ಚೆಂದದ ನೋಟವನ್ನು ನಾನು ಅದಕ್ಕಿಂತ ಮೊದಲು ದ್ವೇಷಿಸಿರಲಿಲ್ಲ.

ಚೇತನಾ ಜಗಳವಾಡಲಿಲ್ಲ. "ಅಂಕಲ್, ನೀವು ಹೇಳಿದ್ರಿ ಅಂತ ನಾನು ಅಪ್ಲೈನೇ ಮಾಡಲಿಲ್ಲ," ಎಂದಳು, ನದಿ ನೋಡುತ್ತ. ನನ್ನ ಮಾಹಿತಿ ಸುಳ್ಳಲ್ಲ, ಸ್ವಲ್ಪ ಹಳೆಯದು ಎಂದು ಹೇಳಬೇಕೆಂದುಕೊಂಡೆ. ಗಾಳಿ ಜೋರಾಗಿತ್ತು, ಹೇಳಲಿಲ್ಲ.

ಈಗ ನಮ್ಮ ಮೂವರಲ್ಲಿ ಆಚೆ ಹೋಗಬಲ್ಲವನು ನಾನೊಬ್ಬನೇ. ಅಲ್ಲೇ ಹತ್ತಿರದಿಂದ ನದಿಯ ತಳದ ಸುರಂಗದಲ್ಲಿ ಬಸ್ಸು ಹೋಗುತ್ತದೆ. ಚೀಲ ಕೊಡಿ, ತಂಗಿಯ ಉಡಿಗೆ ನಾನೇ ಹಾಕಿ ಬರುತ್ತೇನೆ ಎಂದೆ. ಶಾಂತವ್ವ ಚೀಲವನ್ನು ಇನ್ನಷ್ಟು ಒತ್ತಿ ಹಿಡಿದರು.

"ಗಂಡಸರು ಉಡಿ ತುಂಬಬಾರದು ತಮ್ಮಾ."

ಆಮೇಲೆ ಅವರೇ ದಾರಿ ಹುಡುಕಿದರು. ಶಿವಕ್ಕನ ಸೊಸೆ ನಿರುಪಮಾ ಅಲ್ಲಿ ಹಿಡಿ ಹಿಡಿ ಹಾಕಲಿ, ತಾನು ಫೋನಿನಲ್ಲಿ ಎಣಿಸುತ್ತೇನೆ. ಕೈ ಅವಳದು, ಎಣಿಕೆ ತನ್ನದು. ದೇವರು ಒಪ್ಪುತ್ತಾನೋ ಇಲ್ಲವೋ, ಅವ್ವ ಒಪ್ಪುತ್ತಾಳೆ ಎಂದರು.

ಚೇತನಾ ಫೋನ್ ಮಾಡಿ ಶಿವಕ್ಕನ ಮನೆಯವರನ್ನು ಸುರಂಗದ ಹತ್ತಿರದ ದಂಡೆಗೆ ಬರಹೇಳಿದಳು. ನಾನು ಬಸ್ಸು ಹತ್ತಿದೆ. ಸುರಂಗದ ಆಚೆ ಬಾಯಿಯಲ್ಲಿ ನಿಂತಿದ್ದ ಹುಡುಗ ಅಧಿಕಾರಿ ಚೀಲದಲ್ಲಿ ಇಣುಕಿ, ಅಡುಗೆಯ ಅಕ್ಕಿಯೇ ಎಂದು ಕೇಳಿದ. ಹೌದು ಎಂದಿದ್ದರೆ ಕೈ ಬೀಸಿ ಕಳಿಸುತ್ತಿದ್ದ. ಅವನ ಕೈ ಆಗಲೇ ಅರ್ಧ ಎದ್ದಿತ್ತು. ಆದರೆ ಗಜೇಂದ್ರಗಡದಿಂದ ಏಳು ಸಮುದ್ರ ದಾಟಿ ಬಂದ ಅಕ್ಕಿಗೆ ಬರೀ ಹೌದು ಎನ್ನುವುದೇ? ಇದು ಶಾಂತವ್ವನ ಸ್ವಂತ ಹೊಲದ್ದು, ಸಾವಿರ ವರ್ಷದ ತಳಿ, ನಿಮ್ಮ ಹಿಮದ ಮೇಲೆ ಎಸೆದರೂ ಮೂರನೇ ದಿನಕ್ಕೆ ಮೊಳಕೆಯೊಡೆಯುತ್ತದೆ ಎಂದೆ. ಅವನು ಕೈ ಇಳಿಸಿ, ರಬ್ಬರಿನ ಕೈಗವಸು ಹಾಕಿಕೊಂಡ. ಮೊಳಕೆಯೊಡೆಯುವಂಥದ್ದು ಯಾವುದೂ ಗಡಿ ದಾಟುವಂತಿಲ್ಲವಂತೆ. ಮೊಳೆಯುವುದಿಲ್ಲ ಮಾರಾಯ, ಅಂಗಡಿಯದು, ಪಾಲಿಶ್ ಮಾಡಿದ್ದು, ಸತ್ತ ಅಕ್ಕಿ ಎಂದು ಹೇಳಿ ನೋಡಿದೆ. ಜೀವನದಲ್ಲಿ ನಾನು ನಿಜ ಹೇಳಿ ಬೇಡಿಕೊಂಡದ್ದು ಅದೊಂದೇ ಸಲ. ಅವನು ನಂಬಲಿಲ್ಲ. ಅಕ್ಕಿ, ಕಾಯಿ, ಉತ್ತತ್ತಿ, ಬೇರು, ಎಲೆ ಅಡಿಕೆ ಎಲ್ಲವೂ ಒಂದು ದೊಡ್ಡ ಡಬ್ಬಕ್ಕೆ ಬಿದ್ದವು. ಖಣವನ್ನು ಮಡಿಸಿ ಕೊಟ್ಟ.

ಶಿವಕ್ಕ ನದಿಯ ದಂಡೆಯಲ್ಲಿ, ಕೋಟಿನ ಮೇಲೆ ಇಳಕಲ್ ಸೀರೆಯ ಸೆರಗು ಎಳೆದುಕೊಂಡು ನಿಂತಿದ್ದರು. ಮುಖ ಶಾಂತವ್ವನದೇ, ಅಳತೆ ಸ್ವಲ್ಪ ಸಣ್ಣದು. ನಾನು ಖಣವನ್ನಷ್ಟೇ ಕೊಟ್ಟು, ನಡೆದದ್ದನ್ನು ಎರಡೇ ಮಾತಿನಲ್ಲಿ ಹೇಳಿದೆ. ಸಂಗಮೇಶ ತಲೆ ತಗ್ಗಿಸಿದ. ನಿರುಪಮಾ ಮನೆಗೆ ಓಡಿ ಅಕ್ಕಿ ತರುತ್ತೇನೆ ಎಂದಳು.

"ಬ್ಯಾಡ. ಅದು ನಮ್ಮ ಮನಿ ಅಕ್ಕಿ. ಅಕ್ಕನದಲ್ಲ," ಎಂದರು ಶಿವಕ್ಕ.

ಅಷ್ಟರಲ್ಲಿ ಫೋನು ಬಂತು. ಸಂಗಮೇಶ ಅದನ್ನು ತಾಯಿಯ ಕಿವಿಗೆ ಹಿಡಿದ. ಶಿವಕ್ಕ ಡೆಟ್ರಾಯಿಟ್ ಕಡೆ ತಿರುಗಿ, ಎರಡೂ ಕೈಯಲ್ಲಿ ಸೆರಗು ಒಡ್ಡಿದರು. ಅದರಲ್ಲಿ ಖಣ ಒಂದೇ ಇತ್ತು. ಗಾಳಿಗೆ ಹಾರಬಾರದೆಂದು ನಿರುಪಮಾ ಅದನ್ನು ಬೆರಳಿನಿಂದ ಒತ್ತಿ ಹಿಡಿದಳು. ಒಂದು, ಎರಡು ಎಂದು ಶಾಂತವ್ವ ಎಣಿಸುವ ದನಿ ನನಗೂ ಸಣ್ಣಗೆ ಕೇಳುತ್ತಿತ್ತು. ಪ್ರತಿ ಎಣಿಕೆಗೂ ಶಿವಕ್ಕ ಸೆರಗನ್ನು ಒಂದಿಷ್ಟು ಕೆಳಗೆ ಜಗ್ಗಿಸಿದರು, ಭಾರ ಬಿದ್ದ ಹಾಗೆ. ಐದು ಮುಗಿದ ಮೇಲೆ ಆಚೆಯಿಂದ ಏನೋ ಕೇಳಿದರು.

"ಬಿದ್ವು ಅಕ್ಕಾ, ಅಷ್ಟೂ ಬಿದ್ವು. ಸೆರಗು ಹಿಡಿಯಾಕ ಆಗವಲ್ದು. ಅವ್ವನ ಮನಿ ಕಣಜದ ವಾಸನಿ ಬರಾಕತ್ತೈತಿ."

ನಲವತ್ತು ವರ್ಷದಿಂದ ಬುರುಡೆ ಬಿಟ್ಟುಕೊಂಡು ಬಂದವನು ನಾನು. ಮಂಜುಗಡ್ಡೆಯ ಹೋಟೆಲು, ಹಸಿರು ಬೆಳಕು, ನೀಲಿ ಪಂಚೆ ಎಲ್ಲವನ್ನೂ ಒಟ್ಟಿಗೆ ಕಟ್ಟಿ ತೂಗಿದರೂ ಆ ಮಾತಿನ ತೂಕಕ್ಕೆ ಬರುತ್ತಿರಲಿಲ್ಲ.

ಕಡುಬಿನ ಡಬ್ಬಿ ನನ್ನ ಕೈಗೆ ಬಂತು. ಮುಂದಿನ ಬಸ್ಸಿನಲ್ಲಿ ಈಚೆಗೆ ಬಂದೆ. ಶಾಂತವ್ವ ದಂಡೆಯ ಕಂಬಿ ಹಿಡಿದು ನಿಂತೇ ಇದ್ದರು. ಡಬ್ಬಿಯನ್ನು ತೆಗೆದುಕೊಂಡರು, ತೆರೆಯಲಿಲ್ಲ.

"ಉಡಿ ತುಂಬಿತ್ತೇನೋ ತಮ್ಮಾ?"

ತುಂಬಿತ್ತು ಎಂದೆ.

"ಅಷ್ಟ?" ಎಂದು ನನ್ನ ಮುಖ ನೋಡಿದರು. "ಬ್ಯಾರೆ ಹೊತ್ತಿನ್ಯಾಗಾಗಿದ್ರ ಒಂದು ಗಾಡಿ ಅಕ್ಕಿ ಅಂತಿದ್ದಿ."

ಅವರು ಮತ್ತೆ ನದಿಯ ಕಡೆ ತಿರುಗಿದರು. ಆಚೆ ದಂಡೆಯಲ್ಲಿ ಜನ ಎಳ್ಳಿನ ಕಾಳಿನಷ್ಟು ಕಾಣುತ್ತಿದ್ದರು. ಅವರ ನಡುವೆ ಹಸಿರಾಗಿ ಏನೋ ಒಂದಿತ್ತು; ಖಣವೋ, ಪಾರ್ಕಿನ ಬೆಂಚೋ ತಿಳಿಯಲಿಲ್ಲ.

"ಅಕೀನ ಅಲ್ಲೇನು, ಅಲ್ಲಿ ನಿಂತಾಕಿ?"

ಹೌದು ಎಂದೆ.