ರೇಣುಕಯ್ಯ ಕಟ್ಟಿದ ಬ್ಯಾಂಡೇಜು

ಇವತ್ತೂ ಸುಳ್ಳು ಹೇಳಿದೆ ಎಂದು ಭುವನಾ ಡೈರಿಯಲ್ಲಿ ಬರೆದಳು. ದೊಡ್ಡ ಸುಳ್ಳೇನಲ್ಲ, ಯಾರಿಗೂ ನಷ್ಟವಿಲ್ಲ ಎಂದು ಕೆಳಗೆ ಸೇರಿಸಿ, ಅದನ್ನು ಹೊಡೆದುಹಾಕಿದಳು. ಅಪ್ಪನ ಮೊಬೈಲು ಇನ್ನೂ ಬಡಿದುಕೊಳ್ಳುತ್ತಿತ್ತು. ಶುಗರಿನವರು, ಬಾಣಂತಿಯರ ಅತ್ತೆಯರು, ಯಾರು ಕೇಳಿದರೂ ಅವಳದು ಒಂದೇ ಉತ್ತರ: "ಹೊರಗ್ ಹೋಗಿದಾರೆ."

ಅವಳ ಅಪ್ಪ ರೇಣುಕಯ್ಯ ಮದಲೂರು ಸುತ್ತಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕರಾಗಿ ಸವೆದವರು. ನಿವೃತ್ತರಾಗಿ ಶಿರಾದಲ್ಲಿ ನೆಲೆಸಿದ ಮೇಲೂ ಸ್ಕೂಟರಿನ ಡಿಕ್ಕಿಯಲ್ಲಿ ಹತ್ತಿ, ಬ್ಯಾಂಡೇಜು ಇಲ್ಲದ ದಿನವಿರಲಿಲ್ಲ. ಮಕ್ಕಳಿಗೆ ಸೂಜಿ ಹಾಕುವಾಗ ಮನೆಯ ಮೇಕೆಯ ಹೆಸರು ಕೇಳುತ್ತಿದ್ದರು. ಮಗು ಯೋಚಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಹೋದ ತಿಂಗಳು ಊಟಕ್ಕೆ ಕೂತವರು ಎದೆ ಹಿಡಿದುಕೊಂಡು ಅಲ್ಲೇ ಒರಗಿಬಿಟ್ಟರು. ಭುವನಾ ಅಳುವಷ್ಟು ಅತ್ತಳು. ಅಪ್ಪ ಇಲ್ಲ ಎಂಬ ಮಾತನ್ನು ಮಾತ್ರ ಫೋನ್ ಮಾಡಿದ ಯಾರ ಹತ್ತಿರವೂ ಆಡಿರಲಿಲ್ಲ.

ಡೈರಿ ಮುಚ್ಚುವಾಗಲೇ ಗೇಟಿನ ಸದ್ದಾಯಿತು. ಮದಲೂರಿನ ತೋಟದ ಮನೆಯ ಚಿಕ್ಕಹನುಮಕ್ಕ ಕೋಲೂರಿಕೊಂಡು, ಒಂದು ಕಾಲಿಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಬಂದಿದ್ದಳು. ಒಳಗೆ ಕರೆದರೆ ಹಾರ ಹಾಕಿದ ಫೋಟೊ ಕಾಣುತ್ತದೆ. ಭುವನಾ ಬಾಗಿಲಿಗೆ ಅಡ್ಡ ನಿಂತಳು.

"ಏನವ್ವ, ನಿಮ್ಮಪ್ಪ ದೊಡ್ ಮನ್ಸ ಆಗ್ಬುಟ್ನಾ? ಫೋನ್ ಮಾಡ್ಸಿದಾಗೆಲ್ಲ ಹೊರಗೋಗವ್ನೆ ಅಂತೀಯ. ನನ್ಗಿಂತ ಚೆಂದಾಗಿರೋ ಮುದ್ಕಿ ಯಾವ್ಳಾರ ಸಿಕ್ಕವ್ಳಾ?" ಎಂದು ನಗುತ್ತಾ ಮೆಟ್ಟಿಲ ಮೇಲೆ ಕೂತು ಕವರು ಬಿಚ್ಚಿದಳು.

ಅಪ್ಪನೇ ಕಟ್ಟಿದ ಬ್ಯಾಂಡೇಜು. ತುದಿಯನ್ನು ಒಳಕ್ಕೆ ಮಡಚಿ ಸಿಕ್ಕಿಸುವುದು ಅವರದೇ ರೀತಿ. ಹಳದಿಗಟ್ಟಿದ ಬಟ್ಟೆಯಿಂದ ಕೊಳೆತ ವಾಸನೆ ಎದ್ದಿತು. ಹೊರಗೆ ಕಾಣುತ್ತಿದ್ದ ಹೆಬ್ಬೆರಳು ಕಪ್ಪಗಾಗಿತ್ತು.

"ಆಸ್ಪತ್ರೆಗೆ ಹೋಗ್ಲಿಲ್ವಾ ಅಜ್ಜಿ?"

"ಸೊಸೆ ಕರ್ಕೊಂಡೋಗಿದ್ಲು. ನರ್ಸಮ್ಮ ಬಿಚ್ತೀನಿ ಅಂದ್ಲು. ಮುಟ್ಬ್ಯಾಡ ಕಣಮ್ಮ, ರೇಣುಕಯ್ಯ ಕಟ್ಟಿರೋದು, ಅವ್ನೇ ಬಂದು ಬಿಚ್ಲಿ ಅಂದ್ಬುಟ್ಟೆ. ನೋವೇನೂ ಇಲ್ಲ ಬುಡು. ಮುಟ್ಟಿದ್ರೂ ಗೊತ್ತಾಗಲ್ಲ."

ಶುಗರಿನ ಕಾಲಿಗೆ ನೋವು ಗೊತ್ತಾಗದಿರುವುದೇ ಕೆಟ್ಟದ್ದು ಎಂದು ಅಪ್ಪ ಎಷ್ಟೋ ಸಲ ಹೇಳಿದ್ದರು.

"ನೀನು ಒಳಗೋಗವ್ವ. ಬರೋಗಂಟ ನಾನು ಇಲ್ಲೇ ಕೂತಿರ್ತೀನಿ."

ಭುವನಾ ಬಾಗಿಲು ಬಿಟ್ಟು ಇಳಿದು ಆ ಕಾಲಿನ ಬಳಿ ಕುಕ್ಕರಿಸಿದಳು. ಸಿಕ್ಕಿಸಿದ ತುದಿಯ ಮೇಲೆ ಬೆರಳಿಟ್ಟಳು. ಅಪ್ಪನ ಕೈ ಮಾಡಿದ್ದು ಇನ್ನು ಇದೊಂದೇ ಉಳಿದಿದೆ ಅನ್ನಿಸಿ, ಬಿಚ್ಚಲು ಅವಳಿಗೂ ಮನಸ್ಸಾಗಲಿಲ್ಲ. ಅಜ್ಜಿ ಗೇಟಿನ ಕಡೆಗೇ ನೋಡುತ್ತಿದ್ದಳು.

"ಅಜ್ಜಿ," ಎಂದಳು ಭುವನಾ. "ಅಪ್ಪ ಇನ್ನು ಬರಲ್ಲ. ತೀರ್ಕೊಂಡ್ರು."